ಒಂಬತ್ತನೆಯ ರಾತ್ರಿ

ಈ ಸಲದ ಕೊಯ್ಲಿಗೆ ನಮ್ಮ ಕೇರಿಯ ಅಡಕೆ ಒಲೆಯ ಮುಂದೆ ಅವನಿಲ್ಲ. ಹೋದ ಮಳೆಗಾಲದಲ್ಲಿ ತೀರಿಕೊಂಡ. ಈಗ ಕಟ್ಟಿಗೆ ಒಟ್ಟುವವನು ಇಪ್ಪತ್ತೆರಡು ವರ್ಷದ ಹುಡುಗ. ಮೊನ್ನೆ ರಾತ್ರಿ ಹಂಡೆಯ ನೊರೆ ಏರುವುದನ್ನು ನೋಡುತ್ತ ಕೂತವನು ಇದ್ದಕ್ಕಿದ್ದಂತೆ ಕೇಳಿದ: "ಮೇಷ್ಟ್ರೇ, ಆ ಅಜ್ಜ ಉಡಿದಾರಕ್ಕೆ ಬೀಗದ ಕೈ ಕಟ್ಕೊಂಡಿರ್ತಿದ್ದ ಅಲ್ವಾ? ಅವನ ಕೋಣೇಲಿ ಕದಿಯೋಕೆ ಎಂತ ಇತ್ತು?"

ಮೆಟ್ಟುಗತ್ತಿಯ ಮುಂದೆ ಕೂತು ಅಡಕೆ ಸುಲಿಯುತ್ತಿದ್ದ ಹೆಂಗಸರು ನಕ್ಕರು. ಹಿರಿಯರಿಬ್ಬರು ಮಾತ್ರ ನಗಲಿಲ್ಲ. ಅವರು ಆ ಕೋಣೆಗೆ ಚಾಪೆ, ಚಿಮಣಿ ದೀಪ ಹೊತ್ತುಕೊಂಡು ಹೋದವರು.

ಅಂದು ಒಲೆಯ ಮುಂದೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವನ ಹೆಸರು ಬೇಡ. ಊರಿನವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ತಿಳಿದು ಆಗಬೇಕಾದ್ದೂ ಇಲ್ಲ.

ನಾನು ಅವನನ್ನು ಮೊದಲು ಸರಿಯಾಗಿ ಮಾತಾಡಿಸಿದ್ದು 2001ರ ಫೆಬ್ರವರಿ 28ರ ರಾತ್ರಿ. ಅದು ಜನಗಣತಿಯ ವರ್ಷ. ಗಣತಿದಾರರು ಮನೆ ಮನೆ ತಿರುಗಿ ಮುಗಿಸಿದ ಮೇಲೆ ಕೊನೆಯ ರಾತ್ರಿಯನ್ನು ಮನೆರಹಿತರ ಎಣಿಕೆಗೆಂದು ಇಡುತ್ತಾರೆ. ರಸ್ತೆ ಬದಿ, ಸೇತುವೆಯ ಕೆಳಗೆ, ದೇವಸ್ಥಾನದ ಮಂಟಪ, ಬಸ್‌ಸ್ಟ್ಯಾಂಡು, ಹೀಗೆ ಎಲ್ಲಿ ಮಲಗಿದ್ದಾರೋ ಅಲ್ಲೇ ಹೋಗಿ ಬರೆದುಕೊಳ್ಳಬೇಕು. ಅಲೆಯುವ ಜನ ಎರಡೆರಡು ಕಡೆ ಲೆಕ್ಕಕ್ಕೆ ಬರಬಾರದೆಂದು ದೇಶಕ್ಕೆಲ್ಲ ಒಂದೇ ರಾತ್ರಿ. ನಾನು ಕಂಕುಳಲ್ಲಿ ಫಾರಂ ಇಟ್ಟುಕೊಂಡು, ಟಾರ್ಚು ಹಿಡಿದು ಹನ್ನೊಂದರ ಹೊತ್ತಿಗೆ ಬಸ್‌ಸ್ಟ್ಯಾಂಡಿಗೆ ಹೋದೆ. ಕಲ್ಲಿನ ಬೆಂಚಿನ ಮೇಲೆ ಗೋಣಿಚೀಲ ಹೊದ್ದು ಮಲಗಿದ್ದವನು ಎದ್ದು ಕೂತ. ವಾಸನೆ ಇತ್ತು, ಆದರೆ ಮಾತು ತೊದಲಲಿಲ್ಲ. ವಯಸ್ಸು ನಲವತ್ತಾರು ಎಂದ. ಓದು ಕೇಳಿದರೆ, "ನಾಲ್ಕನೇ ಕ್ಲಾಸು. ನಿಮ್ಮ ಶಾಲೇಲೇ. ಆಗ ನೀವು ಬಂದಿರಲಿಲ್ಲ" ಎಂದ.

"ಉದ್ಯೋಗ?"

"ಅಡಕೆ ಬೇಯಿಸೋದು." ನಾನು ಬರೆಯಲು ಹೊರಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಯಿಸ್ತಿದ್ದೆ" ಎಂದು ತಿದ್ದಿದ.

ಅಡಕೆ ಬೇಯಿಸುವುದು ಬೆಂಕಿ ಹಾಕಿದಷ್ಟು ಸುಲಭದ ಕೆಲಸವಲ್ಲ. ಚೊಗರಿನಲ್ಲಿ ಕುದಿಯುವಾಗ ಏರಿದ ನೊರೆ ತುಸು ತಗ್ಗಬೇಕು, ಹಂಡೆಯೊಳಗಿನ ಹೆಚ್ಚಿನ ಅಡಕೆಗಳ ಕಣ್ಣು ಉದುರಿರಬೇಕು. ಆ ಕ್ಷಣಕ್ಕೆ ಜಾಲಿಸಿ ತೆಗೆಯಬೇಕು. ತಡವಾದರೂ ಹೊತ್ತಿಗೆ ಮುಂಚೆ ಆದರೂ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಮಂಡಿಯಲ್ಲಿ ದರ ಬೀಳುತ್ತದೆ. ಅವನ ಹದ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲವಂತೆ. ಸುತ್ತಿನ ಹತ್ತು ಮನೆಗಳವರು ಸರದಿ ಹಾಕಿ ಅವನನ್ನು ಕರೆಸಿಕೊಳ್ಳುತ್ತಿದ್ದರು. ಸುಗ್ಗಿಯ ಮೂರು ತಿಂಗಳು ಅವನಿಗೆ ರಾತ್ರಿ ನಿದ್ದೆಯೆಂಬುದಿಲ್ಲ.

ನಿದ್ದೆ ಬಾರದಿರಲಿ, ಚಳಿ ಹಿಡಿಯದಿರಲಿ ಎಂದು ಒಲೆಯ ಮುಂದೆ ಅವನ ಕೈಗೆ ಕೊಟ್ಟೆ ಸಾರಾಯಿ ಇಟ್ಟವರು ಆ ಹತ್ತು ಮನೆಗಳವರೇ. ಕೂಲಿಯ ಜೊತೆಗೆ ಅದೂ ಒಂದು ವಾಡಿಕೆ. ಅಕ್ಕಿ, ಕಾಯಿ, ಒಂದು ಕೊಟ್ಟೆ. ಕೊಟ್ಟವರಿಗೆ ಅದು ದೊಡ್ಡ ಮಾತಾಗಿ ಕಂಡಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಕೊಡುವವರು ನಿಂತರು, ಅವನಿಗೆ ಬೇಕಾಗುವುದು ನಿಲ್ಲಲಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಇದ್ದೊಂದು ಮನೆ ಸಾಲಕ್ಕೆ ಹೋಯಿತು. ಒಂದು ಸುಗ್ಗಿಯಲ್ಲಿ ಒಲೆಯ ಮುಂದೆಯೇ ಬಿದ್ದು ಒಂದು ಹಂಡೆ ಅಡಕೆ ಹಾಳಾಯಿತು. ಅಲ್ಲಿಂದ ಯಾರೂ ಕರೆಯಲಿಲ್ಲ. ನನಗೆ ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಕುಡಿಯಲು ಕಲಿಸಿದ ಒಲೆಯೇ ಕುಡಿದನೆಂದು ಹೊರಗೆ ಹಾಕಿತು.

2004ರಲ್ಲಿ ನಮ್ಮೂರಲ್ಲಿ ಮದ್ಯವರ್ಜನ ಶಿಬಿರ ಮಾಡಬೇಕೆಂಬ ಮಾತು ಹುಟ್ಟಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಶುರುವಾದದ್ದು. ಅದರ ಜೊತೆಗೆ ಬೆಳೆದ ಜನಜಾಗೃತಿ ವೇದಿಕೆಯವರು ಊರೂರಲ್ಲಿ ಎಂಟು ದಿನಗಳ ಶಿಬಿರ ನಡೆಸುವುದನ್ನು ನಮ್ಮವರು ಕೇಳಿದ್ದರು. ಕುಡಿಯುವವರನ್ನು ಪಟ್ಟಣದ ಆಸ್ಪತ್ರೆಗೆ ಸಾಗಿಸುವುದಲ್ಲ, ಶಿಬಿರವೇ ಊರಿಗೆ ಬರುವುದು. ಜಾಗ ಊರಿನದು, ಅಕ್ಕಿ ಬೇಳೆ ಊರಿನದು, ಅಡುಗೆ ಮಾಡುವವರು ಊರಿನವರು, ಖರ್ಚಿನ ದೊಡ್ಡ ಪಾಲು ಊರೇ ಎತ್ತಬೇಕು. ನಮ್ಮದೂ ಅದೇ ಕ್ರಮದ ಶಿಬಿರ. ದಸರಾ ರಜೆಯಲ್ಲಿ ಶಾಲೆಯ ಕಟ್ಟಡ ಸಿಗುತ್ತದೆಂದು ನಾನು ಒಪ್ಪಿಸಿದೆ. ನಿವೃತ್ತ ಪೋಸ್ಟ್ ಮಾಸ್ತರರು ಖಜಾಂಚಿ ಆದರು.

ಮೊದಲ ಸಭೆಯಲ್ಲಿಯೇ ಗಲಾಟೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೇಳಿದರೆ ಎದ್ದು ನಿಂತು ಕೊಡುವವರು ಇದಕ್ಕೆ ಕೈ ಕಟ್ಟಿ ಕೂತರು. ಒಬ್ಬರು ಪಂಚಾಯಿತಿಯ ಕಂದಾಯದ ರಸೀದಿಯನ್ನೇ ತಂದಿದ್ದರು. "ನೋಡಿ ಇಲ್ಲಿ, ಭಿಕ್ಷುಕರ ಕರ ನೂರಕ್ಕೆ ಮೂರು. 1975ರ ಕಾಯಿದೆಯಿಂದ ಕೊಡ್ತಾನೇ ಬಂದಿದೀವಿ. ಇನ್ನೂ ಎಷ್ಟು ಕೊಡ್ಬೇಕು?" ಆ ಕರ ನಿಜ, ಅವರ ಪ್ರಶ್ನೆಯೂ ನಿಜ. ಆದರೆ ಆ ದುಡ್ಡು ಹೋಗುವುದು ಭಿಕ್ಷೆ ಬೇಡಿ ಸಿಕ್ಕಿಬಿದ್ದವರನ್ನು ಇಡುವ ದೂರದ ಕೇಂದ್ರಗಳಿಗೆ. ನಮ್ಮ ಬಸ್‌ಸ್ಟ್ಯಾಂಡಿನವನು ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಕಟ್ಟಿಗೆ ಒಡೆದುಕೊಟ್ಟು, ಬಸ್ಸಿನ ಮೇಲೆ ಮೂಟೆ ಏರಿಸಿ ಅಷ್ಟರಲ್ಲೇ ಕುಡಿಯುತ್ತಿದ್ದ.

ಸರ್ಕಲ್ಲಿನ ಹೋಟೆಲಿನ ಯಜಮಾನರು ಆಡಿದ ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. "ಎಂಟು ದಿನ ನಮ್ಮ ದುಡ್ಡಲ್ಲಿ ಉಣ್ತಾರೆ ಮೇಷ್ಟ್ರೇ, ಒಂಬತ್ತನೇ ದಿನ ಕುಡೀತಾರೆ. ಅವತ್ತಿನ ರಾತ್ರಿಗೆ ನಿಮ್ಮ ಹತ್ರ ಎಂತ ಇದೆ?" ನಾನು ಆವೇಶದಲ್ಲಿ ಏನೋ ಉತ್ತರ ಕೊಟ್ಟೆ. ಏನು ಎಂಬುದು ನೆನಪಿಲ್ಲ, ಏಕೆಂದರೆ ಅದರಲ್ಲಿ ಉತ್ತರವಿರಲಿಲ್ಲ.

ದುಡ್ಡು ಎತ್ತಲು ಶುರು ಮಾಡಿದ್ದು ಚೌತಿಯ ಹೊತ್ತಿಗೆ. ನಮ್ಮ ಕಡೆ ಗಣಪತಿಯ ಮೇಲೆ ಫಲಾವಳಿ ಕಟ್ಟುತ್ತೇವೆ. ಮಾದಲ ಹಣ್ಣು, ಮೊಗೆಕಾಯಿ, ಹಾಗಲ, ಹಸಿ ಅಡಕೆ ಗೊನೆ, ಸಿಂಗಾರ. ಗಣಪತಿಯನ್ನು ಬಿಡುವ ಮೊದಲು ಅವುಗಳ ಸವಾಲು. ಆ ವರ್ಷ ಸವಾಲಿನ ದುಡ್ಡು ಶಿಬಿರಕ್ಕೆಂದು ಸಾರಿದರು. ಒಂದು ಮಾದಲ ಹಣ್ಣು ಇನ್ನೂರಕ್ಕೆ ಹೋಯಿತು. ಹಿಡಿದವರು ಅದನ್ನು ಕಣ್ಣಿಗೊತ್ತಿಕೊಂಡು, "ಇದನ್ನ ಮತ್ತೆ ಕೂಗಿ" ಎಂದು ವಾಪಸು ಇಟ್ಟರು. ಎರಡನೆಯವರು ಇನ್ನೂರೈವತ್ತಕ್ಕೆ ಹಿಡಿದು ಅವರೂ ವಾಪಸು ಇಟ್ಟರು. ಹಾಗೆ ಅದೇ ಹಣ್ಣು ನಾಲ್ಕು ಸಲ ಸವಾಲಾಯಿತು. ಕೊನೆಗೆ ಹಿಡಿದವರ ಮನೆ ಒಂದು ಕಾಲದಲ್ಲಿ ಒಲೆಗೆ ಅವನನ್ನು ಕರೆಸುತ್ತಿದ್ದ ಹತ್ತು ಮನೆಗಳಲ್ಲಿ ಒಂದು. ಅವರು ಯಾರ ಮುಖವನ್ನೂ ನೋಡದೆ ದುಡ್ಡು ಎಣಿಸಿಕೊಟ್ಟು ಹೋದರು.

ಸಾರಾಯಿ ಗುತ್ತಿಗೆಯವರು ಎರಡು ಸಾವಿರ ಕೊಡುತ್ತೇವೆಂದು ಹೇಳಿ ಕಳಿಸಿದಾಗ ಸಮಿತಿ ಎರಡು ಸಂಜೆ ಜಗಳವಾಡಿತು. ದುಡ್ಡಿಗೆ ವಾಸನೆ ಇಲ್ಲ ಎಂದರು ಕೆಲವರು. ಪೋಸ್ಟ್ ಮಾಸ್ತರರು ರಸೀದಿ ಪುಸ್ತಕ ಮುಚ್ಚಿ ತೊಡೆಯ ಕೆಳಗೆ ಇಟ್ಟುಕೊಂಡರು. "ಅದನ್ನ ಬರೆಯೋದಾದ್ರೆ ಬೇರೆ ಖಜಾಂಚಿ ನೋಡಿಕೊಳ್ಳಿ." ಬೇಡವೆಂದು ತೀರ್ಮಾನವಾಯಿತು. ಅದಾದ ಮಾರನೆಯ ದಿನ ಅದೇ ಅಂಗಡಿಯಲ್ಲಿ ಕೊಟ್ಟೆ ಮಾರಲು ಕೂರುತ್ತಿದ್ದ ಹುಡುಗ ಶಾಲೆಯ ಹಿಂಬಾಗಿಲಿಗೆ ಬಂದ. ಕೈಯಲ್ಲಿ ಇಪ್ಪತ್ತು ರೂಪಾಯಿ. "ಇದು ಅಂಗಡಿದಲ್ಲ, ನನ್ನ ಸಂಬಳದ್ದು" ಎಂದ. "ಸಂಬಳ ಎಲ್ಲಿಂದ ಬಂತೋ ತಮ್ಮಾ?" ಎಂದು ಮಾಸ್ತರರು ಕೇಳಿಬಿಟ್ಟರು. ಹುಡುಗ ನೆಲ ನೋಡುತ್ತ ನಿಂತ. ಹೋಗಲೂ ಇಲ್ಲ, ದುಡ್ಡನ್ನು ಜೇಬಿಗೆ ಹಾಕಲೂ ಇಲ್ಲ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು, ಪುಸ್ತಕ ಬಿಡಿಸಿದರು.

"ಯಾರ ಹೆಸರು?"

"ಅಮ್ಮಂದು ಬರೀರಿ."

ಶಿಬಿರಕ್ಕೆ ಬಂದ ಮೂವತ್ತೆಂಟು ಜನರಲ್ಲಿ ಅವನ ಅಪ್ಪನೂ ಒಬ್ಬ ಎಂದು ನನಗೆ ತಿಳಿದದ್ದು ಎರಡನೆಯ ದಿನ.

ಹೆಂಗಸರು ಮುಷ್ಟಿ ಅಕ್ಕಿ ಎತ್ತಿದರು. ದಿನಾ ಅನ್ನಕ್ಕೆ ಅಕ್ಕಿ ಹಾಕುವಾಗ ಒಂದು ಮುಷ್ಟಿ ಬೇರೆ ಡಬ್ಬಿಗೆ. ವಾರಕ್ಕೊಮ್ಮೆ ಇಬ್ಬರು ಚೀಲ ಹಿಡಿದು ಬರುವುದು. ಇದರಲ್ಲಿ ನಾನು ಕಂಡದ್ದೊಂದಿದೆ. ದೊಡ್ಡ ಮನೆಗಳಲ್ಲಿ ಡಬ್ಬಿ ಅರ್ಧ ತುಂಬಿರುತ್ತಿತ್ತು, ಕೂಲಿ ಕೇರಿಯಲ್ಲಿ ತುಂಬಿ ಶಿಖರ ಕಟ್ಟಿರುತ್ತಿತ್ತು. ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಒಬ್ಬಾಕೆ ಡಬ್ಬಿಯ ಜೊತೆ ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿ ಕೊಟ್ಟಳು. "ಅಕ್ಕಾ, ನಿಮಗೇ ಕಷ್ಟ ಇದೆ" ಎಂದೆ. "ನಮ್ಮನೆಯವರು ಇದ್ದಾಗ ಇದನ್ನ ಮಾಡಿದ್ರೆ ಏನಾಗ್ತಿತ್ತು ಮೇಷ್ಟ್ರೇ?" ಎಂದಳು. ಜಗಳದ ದನಿಯಲ್ಲ. ತಡವಾಗಿ ಬಂದ ಬಸ್ಸಿನ ಕಂಡಕ್ಟರನನ್ನು ಕೇಳುವ ಹಾಗೆ ಕೇಳಿದಳು.

ಬಸ್‌ಸ್ಟ್ಯಾಂಡಿನವನನ್ನು ಶಿಬಿರಕ್ಕೆ ಕರೆತರುವುದು ಕಷ್ಟವಾಗಲಿಲ್ಲ. "ಮಲಗೋಕೆ ಒಳಗೆ ಜಾಗ ಉಂಟಾ?" ಎಂದು ಕೇಳಿದ. ಉಂಟು ಎಂದೆ. ಗೋಣಿಚೀಲ ಮಡಚಿಕೊಂಡು ಬಂದ.

ಮೊದಲ ಮೂರು ದಿನಗಳ ಬಗ್ಗೆ ತಾಲ್ಲೂಕಿನ ಡಾಕ್ಟರು ಮೊದಲೇ ಎಚ್ಚರಿಸಿದ್ದರು. ವರ್ಷಗಟ್ಟಲೆ ಕುಡಿದ ಮೈಗೆ ಒಮ್ಮೆಗೇ ನಿಂತರೆ ಮೊದಲು ನಡುಕ, ಬೆವರು, ವಾಂತಿ. ಕೆಲವರಿಗೆ ಫಿಟ್ಸ್ ಬರಬಹುದು, ಎರಡು ಮೂರನೆಯ ದಿನಕ್ಕೆ ಇಲ್ಲದ್ದು ಕಾಣಿಸಬಹುದು, ನೋಡಿಕೊಳ್ಳುವವರಿಲ್ಲದಿದ್ದರೆ ಜೀವಕ್ಕೇ ಅಪಾಯ. ಆದ್ದರಿಂದಲೇ ಮಾತ್ರೆ, ಬಿ-1 ವಿಟಮಿನ್ ಇಂಜೆಕ್ಷನ್, ರಾತ್ರಿ ಪಾಳಿಗೆ ಒಬ್ಬ ನರ್ಸು. ಊರಿನ ದುಡ್ಡಿನಲ್ಲಿ ಅಕ್ಕಿಯಷ್ಟೇ ಮುಖ್ಯವಾದ ಖರ್ಚು ಅದು. ಮನೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆ ಎನ್ನುವವರಿಗೆ ನಾನು ಇವತ್ತಿಗೂ ಹೇಳುವುದು ಇದನ್ನೇ. ಡಾಕ್ಟರನ್ನು ಕೇಳದೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಎರಡನೆಯ ಬೆಳಿಗ್ಗೆ ಚಹಾ ಹಂಚುವಾಗ ನೋಡಿದೆ. ಅವನ ಕೈಗೆ ಕೊಟ್ಟ ಸ್ಟೀಲ್ ಲೋಟ ಬಾಯಿ ಮುಟ್ಟುವುದರೊಳಗೆ ಅರ್ಧ ಚೆಲ್ಲಿ ಅಂಗಿ ತೊಯ್ದುಹೋಯಿತು. ಬಿಸಿ ಚಹಾ ಎದೆಯ ಮೇಲೆ ಸುರಿದರೂ ಅವನು ಉಸಿರೆತ್ತಲಿಲ್ಲ. ಪಕ್ಕದವರು ನೋಡಿದರೇ ಎಂದು ಮಾತ್ರ ನೋಡಿದ. ಅಡುಗೆಯ ಹೆಂಗಸೊಬ್ಬಳು ಏನೂ ಹೇಳದೆ ಆ ಲೋಟ ತೆಗೆದುಕೊಂಡು ಹೋಗಿ, ದೊಡ್ಡ ಲೋಟದ ತಳದಲ್ಲಿ ಅರ್ಧವೂ ಇಲ್ಲದಷ್ಟು ಚಹಾ ಹಾಕಿ ತಂದಳು. ಎರಡೂ ಕೈಯಲ್ಲಿ ಹಿಡಿದು ಕುಡಿದ. ಒಂದು ಹನಿಯೂ ಚೆಲ್ಲಲಿಲ್ಲ. ಆಮೇಲೆ ಮತ್ತೆ ಅಷ್ಟೇ ಹಾಕಿಕೊಟ್ಟಳು. ಮಾರನೆಯ ದಿನದಿಂದ ಎಲ್ಲರಿಗೂ ಹಾಗೆಯೇ ಅರ್ಧರ್ಧ ಲೋಟ ಎರಡೆರಡು ಸಲ.

ಮೂರನೆಯ ರಾತ್ರಿ ಅವನಿಗೆ ಗೋಡೆಯ ಮೇಲೆ ಇರುವೆ ಸಾಲು ಕಾಣಿಸಿತು. ಗೋಡೆ ಗುಡಿಸುತ್ತ ನಿಂತಿದ್ದ. ನರ್ಸು ಡಾಕ್ಟರಿಗೆ ಹೇಳಿ ಕಳಿಸಿದಳು. ನಾನು ಪಕ್ಕದಲ್ಲಿ ಕೂತು ಬೆಳಗು ಮಾಡಿದೆ. ಐದನೆಯ ದಿನ ಅವನಾಗಿಯೇ ಅಡುಗೆಮನೆಯ ಒಲೆಯ ಮುಂದೆ ಹೋಗಿ ಕೂತ. ಉರಿ ಹೇಗೆ ಇಡಬೇಕೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕುಟುಂಬದವರು ಬರುವ ದಿನ ಶಾಲೆಯ ಅಂಗಳದಲ್ಲಿ ಅಳು, ಮಾತು, ಮಕ್ಕಳ ಓಡಾಟ. ಅವನ ಕಡೆಯಿಂದ ಯಾರೂ ಬರಲಿಲ್ಲ. ಹೆಂಡತಿಗೆ ಪತ್ರ ಹಾಕಿದ್ದೆವು. ಅವಳು ಬರದಿದ್ದುದಕ್ಕೆ ಅವಳನ್ನು ದೂರುವ ಹಕ್ಕು ನಮಗಿರಲಿಲ್ಲ. ಅವನು ಬೆಳಗಿನಿಂದ ಸಂಜೆಯವರೆಗೆ ಒಲೆ ಬಿಟ್ಟು ಏಳಲಿಲ್ಲ.

ಎಂಟನೆಯ ದಿನ ಸಮಾರೋಪ. ಎಲ್ಲರಿಗೂ ಊರಿನ ಪರವಾಗಿ ಒಂದು ಪಂಚೆ, ಒಂದು ಟವೆಲು. ಪ್ರತಿಜ್ಞೆಯಾಯಿತು, ಪಾಯಸವಾಯಿತು. ಮಾರನೆಯ ಬೆಳಿಗ್ಗೆ ತಿಂಡಿ ತಿಂದು ಒಬ್ಬೊಬ್ಬರೇ ಹೊರಟರು. ಇಡೀ ದಿನ ಪಾತ್ರೆ ತೊಳೆದು, ಜಮಖಾನೆ ಒಗೆದು, ಬಾಡಿಗೆ ಸಾಮಾನು ವಾಪಸು ಕಳಿಸಿ, ಕತ್ತಲಾದ ಮೇಲೆ ನಾನು ಬೀಗ ಹಾಕಲು ಬಂದೆ. ಹಿಂಗಾರಿನ ಮಳೆ ಹೊಡೆಯುತ್ತಿತ್ತು. ಜಗುಲಿಯ ತುದಿಯಲ್ಲಿ ಹೊಸ ಪಂಚೆ ಉಟ್ಟುಕೊಂಡು ಅವನು ಕೂತಿದ್ದ. ಮಡಿಚಿದ ಗೋಣಿಚೀಲ ತೊಡೆಯ ಮೇಲೆ.

"ಇನ್ನೂ ಹೋಗ್ಲಿಲ್ವಾ?" ಎಂದೆ. ಕೇಳಿದ ಮೇಲೆ ನನ್ನ ಮಾತು ನನಗೇ ಚುಚ್ಚಿತು.

"ಹೋಗ್ತೀನಿ. ಮಳೆ ಸ್ವಲ್ಪ ಬಿಡ್ಲಿ" ಎಂದ.

ಹೋಗುವುದೆಂದರೆ ಆ ಕಲ್ಲುಬೆಂಚು. ಬೆಂಚಿನಿಂದ ಸಾರಾಯಿ ಅಂಗಡಿಗೆ ಮೂವತ್ತು ಹೆಜ್ಜೆ. ಎಂಟು ದಿನಕ್ಕೆಂದು ತಿಂಗಳಿಡೀ ಊರೆಲ್ಲ ತಿರುಗಿ ದುಡ್ಡು ಎತ್ತಿದವರು ನಾವು. ಒಂದು ಕಾಳು ಅಕ್ಕಿಗೂ ಲೆಕ್ಕ ಇಟ್ಟಿದ್ದೆವು. ಮೂವತ್ತೇಳು ಜನಕ್ಕೆ ಹೋಗಲು ಮನೆಯಿತ್ತು. ಮೂವತ್ತೆಂಟನೆಯವನಿಗೆ ಇಲ್ಲವೆಂಬುದು ಗೊತ್ತಿದ್ದೂ ನಮ್ಮ ಲೆಕ್ಕದಲ್ಲಿ ಬಂದಿರಲಿಲ್ಲ. ಮೂರೂವರೆ ವರ್ಷದ ಹಿಂದೆ ಇದೇ ಕೈಯಲ್ಲಿ ಅವನನ್ನು ಮನೆರಹಿತ ಎಂದು ಸರ್ಕಾರದ ಫಾರಂನಲ್ಲಿ ಬರೆದವನು ನಾನು. ಹೋಟೆಲಿನವರು ಒಂಬತ್ತನೆಯ ರಾತ್ರಿಯ ಮಾತು ಎತ್ತಿದ್ದು ಆ ಜಗುಲಿಯ ಮೇಲೆ ಮಳೆ ನೋಡುತ್ತ ನಿಂತಾಗ ಅರ್ಥವಾಯಿತು.

ಬೀಗ ತೆಗೆದು ಒಂದನೆಯ ತರಗತಿಯ ಕೋಣೆಯಲ್ಲಿ ಮಲಗಲು ಹೇಳಿದೆ. ಶಾಲೆ ಶುರುವಾಗಲು ಇನ್ನು ನಾಲ್ಕು ದಿನವಿತ್ತು.

ಮರುದಿನವೇ ಸಮಿತಿ ಸೇರಿತು. ಲೆಕ್ಕ ಮುಗಿದು ಮೂರು ಸಾವಿರದ ನಾನೂರು ರೂಪಾಯಿ ಉಳಿದಿತ್ತು. ಶಾಲೆಗೆ ಗೋಡೆ ಗಡಿಯಾರ ಕೊಡೋಣ, ಶಿಬಿರದ ನೆನಪಿಗೆ ಕಲ್ಲು ಹಾಕಿಸೋಣ ಎಂದೆಲ್ಲ ಮಾತು ಬಂತು. ಕೋಣೆ ಬಾಡಿಗೆಗೆ ಕೊಡೋಣ ಎಂದು ನಾನು ಹೇಳಿದಾಗ, "ಊರಿಂದ ಎತ್ತಿದ್ದನ್ನ ಒಬ್ಬನಿಗೆ ಕೊಡೋದು ನ್ಯಾಯ ಅಲ್ಲ" ಎಂದರು. ಆ ಮಾತಿನಲ್ಲೂ ತೂಕವಿತ್ತು. ಪೋಸ್ಟ್ ಮಾಸ್ತರರು ರಸೀದಿ ಪುಸ್ತಕ ತೆಗೆದು ತಲೆಬರಹ ಓದಿದರು. "ಮದ್ಯವರ್ಜನದ ಸಹಾಯಾರ್ಥ ಅಂತ ಅಚ್ಚು ಹಾಕ್ಸಿದೀವಿ. ಎಂಟು ದಿನದ ಸಹಾಯಾರ್ಥ ಅಂತ ಎಲ್ಲೂ ಇಲ್ಲ." ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಅಕ್ಕಿ ಗಿರಣಿಯ ಹಿಂದೆ ಹೊಟ್ಟು ತುಂಬುತ್ತಿದ್ದ ಕೋಣೆಯನ್ನು ಹೋಟೆಲಿನ ಯಜಮಾನರೇ ಮಾತಾಡಿ ಕೊಡಿಸಿದರು. ಗಿರಣಿಯವರು ಹಿಂದೆಮುಂದೆ ನೋಡಿದಾಗ ಜಾಮೀನು ನಿಂತವರೂ ಅವರೇ. ಆರು ತಿಂಗಳ ಬಾಡಿಗೆ ಮುಂಗಡ ಕಟ್ಟಿದೆವು.

ಕೋಣೆಗೆ ಚಾಪೆ ಬಂತು, ಚಿಮಣಿ ದೀಪ ಬಂತು, ಎರಡು ಪಾತ್ರೆ, ಒಂದು ಕೊಡ. ಇನ್ನೇನು ಬೇಕೆಂದು ಕೇಳಿದಾಗ ಅವನು ಬಾಗಿಲ ಚಿಲಕವನ್ನು ಎರಡು ಸಲ ಎಳೆದು ನೋಡಿದ. "ಒಂದು ಬೀಗ" ಎಂದ. ಸಂತೆಯಲ್ಲಿ ಹಿತ್ತಾಳೆಯ ಸಣ್ಣ ಬೀಗ ತಂದುಕೊಟ್ಟೆ. ಎರಡು ಕೈಗಳಿದ್ದವು. ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ಪಂಚೆ ಸರಿಸಿ ಉಡಿದಾರಕ್ಕೆ ಗಂಟು ಹಾಕಿಕೊಂಡ. ಬೆರಳು ಇನ್ನೂ ಸ್ವಲ್ಪ ನಡುಗುತ್ತಿದ್ದವು. ಗಂಟು ಬೀಳಲು ಹೊತ್ತು ಹಿಡಿಯಿತು. ನಾನು ಕೈ ನೀಡಿದೆ, ಬೇಡವೆಂದು ತಲೆಯಾಡಿಸಿದ.

ನವೆಂಬರಿನಲ್ಲಿ ಕೊಯ್ಲು ಶುರುವಾಯಿತು. ಮಾದಲ ಹಣ್ಣು ಹಿಡಿದವರ ಮನೆಯವರು ಮೊದಲು ಕರೆದರು. ಅವರ ಒಲೆಯ ಮುಂದೆ ಕೊಟ್ಟೆ ಇಡುವ ವಾಡಿಕೆ ಆ ವರ್ಷ ನಿಂತಿತು. ಬದಲಿಗೆ ರಾತ್ರಿ ಎರಡು ಸಲ ಶುಂಠಿ ಕಷಾಯ. ಒಂದೇ ಸಲಕ್ಕೆ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ಯುಗಾದಿಯ ಹೊತ್ತಿಗೆ ಒಮ್ಮೆ ಬಿದ್ದ. ಮೂರು ದಿನ ಕಾಣಲಿಲ್ಲ. ಆದರೆ ಈ ಸಲ ಬೆಂಚಿನ ಮೇಲೆ ಸಿಗಲಿಲ್ಲ, ಕೋಣೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿದ್ದ. ಶಿಬಿರ ಮುಗಿಸಿದವರದೇ ನವಜೀವನ ಸಮಿತಿಯೆಂದು ವಾರಕ್ಕೊಮ್ಮೆ ಸೇರುತ್ತಿದ್ದರು. ಅವರಲ್ಲಿ ನಾಲ್ವರು ಬಾಗಿಲ ಹೊರಗೆ ಸರದಿಯಲ್ಲಿ ಕೂತರು. ಆ ಸಾರಾಯಿ ಅಂಗಡಿಯ ಹುಡುಗನ ಅಪ್ಪನೂ ಅವರಲ್ಲಿ ಒಬ್ಬ. ನಾಲ್ಕನೆಯ ದಿನ ಬಾಗಿಲು ತೆರೆಯಿತು. ಆಮೇಲೆ ಅವನು ಕುಡಿದದ್ದನ್ನು ನಾನು ಕಾಣಲಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯೇ ನಿಂತಿತು. ಕೊಟ್ಟೆ ಹೋಗಿ ಕ್ವಾರ್ಟರ್ ಬಾಟ್ಲಿ ಬಂತು. ಅದು ಬೇರೆ ಸಂಕಟ.

2011ರಲ್ಲಿ ಮತ್ತೆ ಗಣತಿಯ ಕೆಲಸ ನನ್ನ ಪಾಲಿಗೆ ಬಂತು. ಗಿರಣಿಯ ಹಿಂದಿನ ಕೋಣೆಗೂ ಹೋದೆ. ಬಾಗಿಲ ಮೇಲೆ ಗೇರು ಬಣ್ಣದಲ್ಲಿ ಮನೆ ಸಂಖ್ಯೆ ಬಿದ್ದಿತ್ತು. "ಕುಟುಂಬದ ಮುಖ್ಯಸ್ಥ ಅಂತ ಯಾರ ಹೆಸರು ಬರೀತೀರಿ?" ಎಂದು ಕೇಳಿದ. ನಿನ್ನದೇ ಎಂದೆ. ಬಗ್ಗಿ ನಾನು ಬರೆಯುವುದನ್ನೇ ನೋಡಿದ. ಉದ್ಯೋಗದ ಕಡೆ ಬೆರಳಿಟ್ಟು, "ಬೇಯಿಸೋದು ಅಂತಲೇ ಬರೀರಿ" ಎಂದ.

ಫೆಬ್ರವರಿ 28ರ ರಾತ್ರಿ ಮತ್ತೆ ಟಾರ್ಚು ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದೆ. ಅದರ ಹಿಂದಿನ ವರ್ಷವಷ್ಟೇ ಸುಪ್ರೀಂ ಕೋರ್ಟು ದೊಡ್ಡ ನಗರಗಳಲ್ಲಿ ಲಕ್ಷ ಜನಕ್ಕೊಂದರಂತೆ ರಾತ್ರಿ ವಸತಿ ಇರಬೇಕೆಂದು ಹೇಳಿತ್ತು. ನಮ್ಮೂರು ಆ ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ. ಆ ಗಣತಿ ಮುಗಿದಾಗ ದೇಶದಲ್ಲಿ ಮನೆರಹಿತರು ಸುಮಾರು 17.7 ಲಕ್ಷ ಎಂದು ಬಂತು. ಅದರಲ್ಲಿ ಒಬ್ಬ ಅದೇ ಕಲ್ಲುಬೆಂಚಿನ ಮೇಲೆ ಮಲಗಿದ್ದ. ಹೊಸಬ, ಬಯಲುಸೀಮೆಯ ಕಡೆಯಿಂದ ಕೂಲಿಗೆಂದು ಬಂದವನು, ಮೂವತ್ತು ದಾಟಿರಲಿಲ್ಲ. ಹೆಸರು ಕೇಳಿದರೆ ಎರಡು ಸಲ ಬೇರೆ ಬೇರೆ ಹೇಳಿದ. ಬರೆದುಕೊಂಡು ಬಂದೆ.

ಬೆಳಿಗ್ಗೆ ಪೋಸ್ಟ್ ಮಾಸ್ತರರ ಮನೆಗೆ ಹೋಗಿ ಹಳೆಯ ರಸೀದಿ ಪುಸ್ತಕ ಇದೆಯೇ ಎಂದು ಕೇಳಿದೆ. ಅಟ್ಟದಿಂದ ತೆಗೆಸಿದರು. ಇನ್ನೂ ಹದಿನೆಂಟು ಹಾಳೆ ಉಳಿದಿದ್ದವು. ಅದನ್ನು ಹಿಡಿದುಕೊಂಡು ಗಿರಣಿಯ ಹಿಂದೆ ಹೋದೆ. ಅವನು ಬಾಗಿಲ ಮುಂದೆ ಕೂತು ಕಟ್ಟಿಗೆ ಸೀಳುತ್ತಿದ್ದ. ಬೆಂಚಿನ ಮೇಲಿನವನ ವಿಷಯ ಹೇಳಿದೆ.

"ಕೈ ನಡುಗ್ತದಾ?" ಎಂದು ಕೇಳಿದ.

"ನಡುಗ್ತಿತ್ತು."

ಕೊಡಲಿ ಇಟ್ಟು ಎದ್ದ. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟ. ಕುದಿದ ಮೇಲೆ ದೊಡ್ಡ ಲೋಟವೊಂದನ್ನು ಹುಡುಕಿ ತೆಗೆದು, ತಳದಲ್ಲಿ ಅರ್ಧಕ್ಕಿಂತ ಕಡಿಮೆ ಹಾಕಿ, ಮೇಲೆ ತಟ್ಟೆ ಮುಚ್ಚಿ ನನ್ನ ಕೈಗೆ ಕೊಟ್ಟ. ಉಳಿದದ್ದನ್ನು ಚೊಂಬಿಗೆ ಬಗ್ಗಿಸಿಕೊಂಡು, ಬಾಗಿಲಿಗೆ ಬೀಗ ಹಾಕಿ, ನನ್ನ ಜೊತೆ ಹೊರಟ.